ಸೊಪ್ಪಿನ ರಸದ ಲೋಟ

ನಮ್ಮ ದೊಡ್ಡಮ್ಮ ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದವಳು. ಬೆಳಿಗ್ಗೆ ಒಳಗೆ ಹೋದರೆ ಹೊತ್ತು ಮುಳುಗಿದ ಮೇಲೇ ಹೊರಗೆ. ಊರವರ ಮೂಳೆಯನ್ನೆಲ್ಲ ಕೆಂಪು ಬಲ್ಬಿನಡಿ ನೋಡಿದವಳು. "ನಿನ್ನ ಮುಖ ಮರೀಬಹುದು ಕಣೇ, ಮೊಣಕೈ ಮರೆಯಲ್ಲ," ಎಂದು ನನ್ನನ್ನು ಕಾಡಿಸುತ್ತಿದ್ದಳು.

ನಿವೃತ್ತಿಯಾದ ಮೇಲೆ ಬೆನ್ನು ಬಾಗಿತು. ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ದೊಡ್ಡಪ್ಪ ಅದೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದವರು. ಬರೀ ಮಾತ್ರೆಯಲ್ಲಿ ಅವರಿಗೆಲ್ಲಿಯ ನಂಬಿಕೆ? ದಿನಾ ಬೆಳಿಗ್ಗೆ ಪಾಲಕ್ ಸೊಪ್ಪು ಅರೆದು, ಸೋಸಿ, ಮಾತ್ರೆಯನ್ನು ಪುಡಿಮಾಡಿ ಅದರಲ್ಲೇ ಕದಡಿ ಕೊಡುತ್ತಿದ್ದರು. ಎರಡೂ ಸೇರಿದರೆ ಡಬಲ್ ಶಕ್ತಿ ಎಂದು ಅವರ ಲೆಕ್ಕ. ದೊಡ್ಡಮ್ಮ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಲೋಟ ಖಾಲಿಯಾಗುವ ತನಕ ಆ ಹಟಮಾರಿ ಮುದುಕ ಎದುರಿನಿಂದ ಕದಲುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ದಿನ ಬಚ್ಚಲ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಮಲಗಿದಲ್ಲೇ ತನ್ನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇದು ಮೂಳೆಯಲ್ಲ, ಜರಡಿ," ಎಂದಳು.

ದೊಡ್ಡಪ್ಪ ಔಷಧಿ ತರಲು ಹೋಗಿದ್ದಾಗ ಡಾಕ್ಟರು ಊಟ ತಿಂಡಿ ವಿಚಾರಿಸಿದರು. ರಸದ ವಿಷಯ ನಾನೇ ಹೆಮ್ಮೆಯಿಂದ ಹೇಳಿದೆ. ಡಾಕ್ಟರ ಮುಖ ಸಪ್ಪಗಾಯಿತು.

"ಮೂಳೆ ದಿನಾ ಸ್ವಲ್ಪ ಕರಗುತ್ತೆ, ದಿನಾ ಸ್ವಲ್ಪ ಹೊಸದಾಗಿ ಕಟ್ಟುತ್ತೆ. ಕಟ್ಟೋಕೆ ಕ್ಯಾಲ್ಸಿಯಂ ಬೇಕು, ಅದನ್ನ ಮೈ ಹೀರ್ಕೊಳ್ಳೋಕೆ ಬಿಸಿಲಿನ ವಿಟಮಿನ್ ಬೇಕು. ನೀವು ಬಿಸಿಲೇ ಕಂಡಿಲ್ಲ. ಪಾಲಕ್ ಒಳ್ಳೇದೇ, ಆದ್ರೆ ಅದರಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂನ ಹಿಡಿದಿಟ್ಕೊಳ್ಳುತ್ತೆ, ಮೈಗೆ ಸೇರೋಕೆ ಬಿಡಲ್ಲ. ಮಾತ್ರೇನ ಬೇರೆ ಹೊತ್ತಲ್ಲಿ ತಗೋಬೇಕಿತ್ತು. ಇದೊಂದೇ ಕಾರಣ ಅಂತಲ್ಲ..."

ಡಾಕ್ಟರು ಆಚೆ ಹೋದದ್ದೇ ದೊಡ್ಡಮ್ಮ ನನ್ನ ಕೈ ಹಿಡಿದಳು. "ದೊಡ್ಡಪ್ಪಂಗೆ ಹೇಳ್ಬೇಡ ಕಣೇ. ಪೂರ್ತಿ ತಪ್ಪು ತಲೆ ಮೇಲೆ ಹೊತ್ಕೊಂಡು ಕೂತ್ಬಿಡ್ತಾರೆ."

ಮನೆಗೆ ಕರೆತಂದ ಮೇಲೆ, ಡಾಕ್ಟರು ಹೊತ್ತು ಬದಲಿಸಿದ್ದಾರೆ ಎಂದಷ್ಟೇ ದೊಡ್ಡಪ್ಪನಿಗೆ ಹೇಳಿ, ಮಾತ್ರೆಯನ್ನು ಮಧ್ಯಾಹ್ನ ನಾನು ಕೊಡತೊಡಗಿದೆ. ಬೆಳಗಿನ ರಸ ನಿಲ್ಲಲಿಲ್ಲ. ಅದನ್ನೀಗ ದೊಡ್ಡಮ್ಮ ಮೂಗು ಮುಚ್ಚಿಕೊಳ್ಳದೆ, ಗಂಡನ ಮುಖ ನೋಡುತ್ತಾ ಕುಡಿಯುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ.

ಅವಳು ಮತ್ತೆ ಏಳಲಿಲ್ಲ. ಮಲಗಿ ಮಲಗಿ ಎದೆಯಲ್ಲಿ ಕಫ ಕಟ್ಟಿತು. ಒಂದು ಮುಂಜಾನೆ ರಸ ಲೋಟದಲ್ಲೇ ಉಳಿಯಿತು.

ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಅಡುಗೆಮನೆಯಲ್ಲಿ ಸೋಸುವ ಬಟ್ಟೆ ಹಿಂಡುತ್ತಾ ನಿಂತಿದ್ದರು. ಎಷ್ಟು ಹಿಂಡಿದರೂ ಹಸಿರು ಬಿಡುತ್ತಲೇ ಇತ್ತು.

"ದಿನಾ ಇನ್ನೊಂದು ಕಟ್ಟು ಸೊಪ್ಪು ಜಾಸ್ತಿ ಹಾಕಿದ್ದಿದ್ರೆ ಉಳೀತಿದ್ಲೇನೋ, ಅಲ್ವೇನಮ್ಮ?"

ನನಗೆ ದುಃಖ ಉಕ್ಕಿ ಬಂತು. ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡೆ.

"ಇಲ್ಲ ದೊಡ್ಡಪ್ಪ, ನೀವು ಏನೂ ಕಡಿಮೆ ಮಾಡ್ಲಿಲ್ಲ."