ಈರುಳ್ಳಿಯ ಅವಳಿ

ಮಕ್ಕಳೇ, ನಿಮ್ಮ ಅಜ್ಜಿಯ ಕೈಗುಣದಿಂದ ಒಂದು ಯಂತ್ರ ನಾಲ್ಕು ದಿನ ಸುಳ್ಳು ಹೇಳಿತು. ಊರಿಗೆಲ್ಲ ಗೊತ್ತಿರುವ ಸಂಗತಿ ಇದು. ಬೇರೆ ಯಾರಾದರೂ ಒಗ್ಗರಣೆ ಹಾಕಿ ನಿಮಗೆ ಹೇಳುವ ಮೊದಲು ನಾನೇ ಬರೆದಿಡುವುದು ಮೇಲು. ಎದುರಿಗೆ ಕೂತು ಹೇಳು ಎಂದರೆ ನನ್ನಿಂದಾಗದು. ಸೆರಗಿನ ತುದಿ ಹಿಂಡುವುದರಲ್ಲೇ ಹೊತ್ತು ಹೋಗುತ್ತದೆ.

ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವುದು ಒಂದು ಬೇಸಾಯವಾದರೆ, ಕಿತ್ತ ಮೇಲೆ ಕೆಡದಂತೆ ಕಾಯುವುದು ಇನ್ನೊಂದು. ಹೋದ ವರ್ಷ ನಮ್ಮ ಮಹಿಳಾ ಸಂಘದ ಹನ್ನೊಂದು ಮನೆಯವರು ಒಂದೇ ಶೆಡ್ಡಿನಲ್ಲಿ ಈರುಳ್ಳಿ ಇಟ್ಟೆವು. ಒಂದು ಗೆಡ್ಡೆ ಕೊಳೆತರೆ ಪಕ್ಕದ್ದು ಸುಮ್ಮನಿರುವುದಿಲ್ಲ. ಒಬ್ಬರ ರಾಶಿ ಕೆಟ್ಟರೆ ಹನ್ನೊಂದು ಮನೆಯ ಬೆಳೆಯೂ ಹೋದಂತೆಯೇ. ಅದಕ್ಕೇ ಸಂಘದ ಅಧ್ಯಕ್ಷೆ ನಾಗರತ್ನ ಬೀರೂರಿನಿಂದ ಶ್ವೇತಾ ಎಂಬ ಇಂಜಿನಿಯರನ್ನು ಕರೆಸಿದಳು. ಆಕೆ ಬಂದು ಶೆಡ್ಡಿನ ಕಂಬಗಳಿಗೆ ಸೋಪಿನ ಡಬ್ಬಿಯಂಥ ನಾಲ್ಕು ಸೆನ್ಸರುಗಳನ್ನು ಕೂರಿಸಿದಳು.

ಈ ಡಬ್ಬಿಗಳು ಒಳಗಿನ ಬಿಸಿ, ತೇವ ಅಳೆದು ಹತ್ತು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತವೆ ಎಂದು ಶ್ವೇತಾ ತಿಳಿಸಿ ಹೇಳಿದಳು. ಕಂಪ್ಯೂಟರಿನೊಳಗೆ ನಮ್ಮ ಶೆಡ್ಡಿನಂಥದೇ ಇನ್ನೊಂದು ಶೆಡ್ಡಿದೆ. ಅದಕ್ಕೆ ಡಿಜಿಟಲ್ ಟ್ವಿನ್ ಎನ್ನುತ್ತಾರೆ, ಅಂದರೆ ಅವಳಿ. ಇಲ್ಲಿ ತೇವ ಏರಿದರೆ ಅಲ್ಲೂ ಏರುತ್ತದೆ. ಇನ್ನು ನಾಲ್ಕು ದಿನಕ್ಕೆ ಗೆಡ್ಡೆ ಏನಾದೀತು ಎಂದು ಅವಳಿ ಮೊದಲೇ ಊಹಿಸಿ ಇಲ್ಲಿನ ಫ್ಯಾನು ತಿರುಗಿಸುತ್ತದೆ. ರೈಲಿನ ಗಾಲಿಗೆ, ಅಣೆಕಟ್ಟಿನ ಗೇಟಿಗೆ, ಸಿಮೆಂಟು ಸುಡುವ ಒಲೆಗೆ, ಆಸ್ಪತ್ರೆಯಲ್ಲಿ ರೋಗಿಯ ಹೃದಯಕ್ಕೂ ಈಗ ಅವಳಿ ಹುಟ್ಟಿಸುತ್ತಾರಂತೆ.

ಎಲ್ಲರೂ ಬಾಯಿ ಬಿಟ್ಟು ಕೇಳಿದರು. ನನಗೆ ಅಷ್ಟೇನೂ ಸೋಜಿಗವೆನಿಸಲಿಲ್ಲ. ನಮ್ಮ ಹೊಲಕ್ಕೆ ಪಹಣಿ ಎಂಬ ಅವಳಿ ಮೊದಲಿನಿಂದ ಇದೆಯಲ್ಲ! ಅದರಲ್ಲಿ ಎರಡು ಹುಣಸೆಮರ ಇವತ್ತಿಗೂ ಹಸಿರಾಗಿ ನಿಂತಿವೆ. ನಿಮ್ಮ ತಾತ ಅವನ್ನು ಕಡಿಸಿ, ಸುಟ್ಟು, ಆ ಬೂದಿಯಲ್ಲಿ ಪಾತ್ರೆಯನ್ನೂ ತಿಕ್ಕಿಸಿ ಎಷ್ಟೋ ಕಾಲವಾಯಿತು. ಹೊಲದವರೆಗೆ ನಡೆದು ಬಂದು ನೋಡುವವರಿಲ್ಲದಿದ್ದರೆ ಅವಳಿ ಸಾಯುವುದೇ ಇಲ್ಲ.

ಯಂತ್ರ ಬಂದಮೇಲೆ ಶೆಡ್ಡಿನ ಬಾಗಿಲು ತೆಗೆಯುವುದು ಹಳ್ಳಿಗಮಾರರ ಕೆಲಸವಾಯಿತು. ನಾಗರತ್ನ ತರೀಕೆರೆಯ ಮದುವೆಮನೆಯಲ್ಲಿ ಪಂಕ್ತಿಗೆ ಕೂತು, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ, ಎಡಬಲದವರಿಗೆ ಮೊಬೈಲಿನಲ್ಲಿ ಈರುಳ್ಳಿ ತೋರಿಸಿದಳು. ಎಲ್ಲ ಹಸಿರು, ಎಲ್ಲ ಕ್ಷೇಮ. ಆ ಅವಳಿ ಈರುಳ್ಳಿಗೆ ಮಣ್ಣಿಲ್ಲ, ಬೇರಿಲ್ಲ, ವಾಸನೆಯಿಲ್ಲ, ಹೆಚ್ಚಿದರೆ ಕಣ್ಣೀರೂ ಇಲ್ಲ. ಇಂಥದೇ ಸೊಸೆ ಬೇಕೆಂದು ಕಡೂರಿನಿಂದ ದೇವನೂರಿನವರೆಗೆ ಹುಡುಕಿದವರನ್ನು ನಾನು ಬಲ್ಲೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಶೆಡ್ಡಿನ ಪೂಜೆ ನನ್ನ ಪಾಲಿಗೆ ಬಂತು. ಒಲ್ಲೆ ಎನ್ನಲು ಬಾರದವರಿಗೆ ಕೆಲಸಕ್ಕೆ ಬರವಿಲ್ಲ. ನಮ್ಮಲ್ಲಿ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ವಿಭೂತಿ ಧರಿಸದ ಕಬ್ಬಿಣವಿಲ್ಲ. ಹಾಗಿರುವಾಗ ಹಗಲಿರುಳು ದುಡಿಯುವ ಈ ಡಬ್ಬಿಗಳನ್ನು ಬೋಳುಹಣೆಯಲ್ಲಿ ಬಿಡುವುದುಂಟೇ? ನಡುವೆ ಸಣ್ಣ ಜಾಲರಿಯೊಂದಿತ್ತು, ಹಣೆಯಂತೆ ಕಂಡಿತು. ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲೆಸಿ, ನಾಲ್ಕಕ್ಕೂ ಮೂರು ಬೆರಳಲ್ಲಿ ಬಳಿದು, ನಡುವೆ ಕುಂಕುಮ ಇಟ್ಟೆ. ಅದು ಹಣೆಯಲ್ಲ, ಮೂಗು ಎಂದು ನನಗೆ ಹೇಳಿದವರು ಯಾರು?

ಅವತ್ತು ಒಳ್ಳೆಯ ಬಿಸಿಲಿತ್ತು. ಮೂರನೆಯ ದಿನಕ್ಕೆ ಮಳೆ ಹಿಡಿಯಿತು. ಮೂಗು ಕಟ್ಟಿದ ಡಬ್ಬಿಗಳು ಹಬ್ಬದ ದಿನದ ಒಣಹವೆಯನ್ನೇ ಕಳಿಸುತ್ತ ಕೂತವು, ಅವಳಿ ಅದನ್ನು ನಂಬಿತು, ಫ್ಯಾನು ತಿರುಗಲಿಲ್ಲ. ಐದನೆಯ ದಿನ ಶೆಡ್ಡಿನ ಪಕ್ಕ ಹೋಗುವಾಗ ಕೊಳೆತ ನಾತ ಮೂಗಿಗೆ ಬಡಿಯಿತು. ನಾನೇನು ಮಾಡಿದೆ ಗೊತ್ತೇ? ಸೆರಗು ಮುಚ್ಚಿಕೊಂಡು ಮನೆಗೆ ಬಂದೆ. ಓದಿದವರ ಯಂತ್ರ ಚೆನ್ನಾಗಿದೆ ಎನ್ನುವಾಗ ನಾನು ಯಾವ ಬಾಯಲ್ಲಿ ಇಲ್ಲವೆನ್ನಲಿ?

ಆರನೆಯ ದಿನ ಸಂಘದ ಸಭೆ. ಹನ್ನೊಂದು ಮನೆಯವರೂ ನಾಗರತ್ನಳ ಜಗುಲಿಯಲ್ಲಿ ಕೂತಿದ್ದರು. ಎದ್ದು ನಿಂತೆ.

“ಶೆಡ್ಡಲ್ಲಿ ವಾಸ್ನೆ ಬತ್ತಾ ಐತೆ ಕಣೇ,” ಎಂದೆ.

ನಾಗರತ್ನ ಫೋನು ಎತ್ತಿ ಹಿಡಿದಳು. “ಇಲ್ಲಿ ಹಸಿರು ತೋರಿಸ್ತಾ ಐತಲ್ಲೇ. ನಿಂಗೆಲ್ಲೋ ನೆಗಡಿ ಆಗಿರ್ಬೇಕು.”

“ನೆಗಡಿ ಆದ್ರೆ ವಾಸ್ನೆ ಬರಲ್ಲ ಕಣೇ ತಾಯಿ. ಬೀಗ ತೆಗಿ.”

ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಬಾಗಿಲು ತೆಗೆದರೆ ಬಚ್ಚಲೊಲೆಯಂಥ ಹಬೆ. ಫೋನಿನಲ್ಲಿ ಆಗಲೂ ಹಸಿರೇ. ಸುದ್ದಿ ಮುಟ್ಟಿ ಬಸ್ಸಿನಲ್ಲಿ ಓಡಿಬಂದ ಶ್ವೇತಾ ಡಬ್ಬಿಗಳನ್ನು ನೋಡಿ ಉಗುರಿನಿಂದ ಜಾಲರಿ ಕೆರೆದಳು. ಸ್ವಲ್ಪ ಹೊತ್ತಿಗೆ ಫೋನು ಕೆಂಪಾಯಿತು, ಫ್ಯಾನು ಗುಂಯ್ ಎಂದಿತು. ಬಳಿದವಳು ನಾನೇ ಎಂದೂ, ನಿನ್ನೆಯೇ ನಾತ ಬಡಿದಿತ್ತೆಂದೂ ಒಪ್ಪಿಕೊಂಡೆ. ಹನ್ನೊಂದು ಮನೆಯವರು ಸಂಜೆಯವರೆಗೆ ಕೂತು ಗೆಡ್ಡೆ ಆರಿಸಿದೆವು. ಒಂದು ಮೂಲೆಯ ರಾಶಿ ತಿಪ್ಪೆಗೆ ಹೋಯಿತು, ಉಳಿದದ್ದು ಉಳಿಯಿತು. ಇನ್ನೆರಡು ದಿನ ಕಳೆದಿದ್ದರೆ ಎಲ್ಲವೂ ಆ ಮೂಲೆಯ ದಾರಿಯನ್ನೇ ಹಿಡಿಯುತ್ತಿತ್ತು ಎಂದಳು ಶ್ವೇತಾ. ಆ ಮೂಲೆ ನನ್ನದೇ ಆದದ್ದರಿಂದ ಯಾರೂ ಹೆಚ್ಚಾಗಿ ಬೈಯಲಿಲ್ಲ.

ಹೊರಡುವಾಗ ಶ್ವೇತಾ ಪಕ್ಕದಲ್ಲಿ ಕೂತು, ನಿನ್ನೆಯೇ ವಾಸನೆ ಬಂದಿದ್ದರೂ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂದೆ.

“ಆ ಡಬ್ಬಿನೂ ಯಾರೂ ಕೇಳಲ್ಲ ಅಜ್ಜಿ,” ಎಂದಳು. “ಹತ್ತು ನಿಮಿಷಕ್ಕೊಂದು ಸಲ ತಾನಾಗೇ ಹೇಳುತ್ತೆ. ಅದಕ್ಕೇ ಎಲ್ಲರೂ ಅದನ್ನ ನಂಬೋದು.”

ನಾಚಿಕೆಯೆಂದರೆ ಗುಣ ಎಂದು ನನಗೆ ಹೇಳಿಕೊಟ್ಟವರು ಬಹಳ ಮಂದಿ. ಅದರಿಂದ ಈರುಳ್ಳಿ ಕೊಳೆಯುತ್ತದೆ ಎಂದು ಹೇಳಿದವಳು ಇವಳೊಬ್ಬಳೇ. ಆಮೇಲಿನ ಸಭೆಗಳಲ್ಲಿ ಕೇಳದೆಯೇ ಒಂದೆರಡು ಮಾತಾಡುತ್ತಿದ್ದೇನೆ. ಹತ್ತು ನಿಮಿಷಕ್ಕೊಮ್ಮೆಯೇನಲ್ಲ. ಆದರೂ ನಾಗರತ್ನ ಈಗೀಗ ಗಡಿಯಾರ ನೋಡಿಕೊಳ್ಳುತ್ತಾಳೆ.