ಅಜ್ಜಿಯಿಂದ ಕಲಿತ ಭಾಷೆ

ಮಾತೃಭಾಷೆಯಲ್ಲೇ ರಜಾ ಅರ್ಜಿ ಬರೆಯಲು ಮೂರು ಹಾಳೆ ಹರಿಯುವ ನಾನು ಸಂಬಳಕ್ಕಾಗಿ ಟೈಪು ಮಾಡುವುದು ಅಳಿಯುತ್ತಿರುವ ಇನ್ನೊಂದು ಭಾಷೆಯ ನಿಘಂಟನ್ನು. ಅದನ್ನು ಹುಟ್ಟಿನಿಂದ ಬಲ್ಲವರು ಉಳಿದಿರುವುದು ಒಬ್ಬರೇ ಅಜ್ಜಿ. ಅವರ ಶಿಷ್ಯ ನಮ್ಮ ಪ್ರೊಫೆಸರು. ಹನ್ನೊಂದು ವರ್ಷ ಅಜ್ಜಿಯೊಬ್ಬರಿಂದಲೇ ಕಲಿತ ಫಲವಾಗಿ, ಆರಡಿ ಎತ್ತರದ ಈ ಮನುಷ್ಯ ಆ ಭಾಷೆಗೆ ಇಳಿದರೆ ಸಾಕು, ಎಂಬತ್ತರ ಮುದುಕಿಯಾಗಿಬಿಡುತ್ತಾರೆ: ಸೊಂಟಕ್ಕೆ ಕೈ, ಮಾತಿಗೊಂದು ನಿಟ್ಟುಸಿರು, ನಡುವೆ ಸೊಸೆಯ ಮೇಲೊಂದು ದೂರು. ಅವರಿಗೆ ಸೊಸೆಯಿರಲಿ, ಮದುವೆಯೇ ಆಗಿಲ್ಲ. ಅಜ್ಜಿ ಕೆಮ್ಮಿದರೂ "ಕೆಮ್ಮೋಕೆ ಮುಂಚೆ ಏನೋ ಅಂದ್ರಲ್ಲಯ್ಯ, ರೆಕಾರ್ಡ್ ಆಯ್ತಾ?" ಎಂದು ನನ್ನ ಜೀವ ತಿನ್ನುತ್ತಾರೆ. ಸಂಜೆ ಅಜ್ಜಿಯ ಮನೆಯಲ್ಲಿ ಬೀದಿಯ ಮಕ್ಕಳಿಗೆಲ್ಲ ಇಬ್ಬರೂ ಸೇರಿ ಆ ಭಾಷೆಯ ಪಾಠ ಮಾಡುತ್ತಾರೆ. ಮಕ್ಕಳೋ, ಹೇಳಿಕೊಟ್ಟಷ್ಟನ್ನು ಒಪ್ಪಿಸಿ, ಬಾಗಿಲು ದಾಟಿದೊಡನೆ ತಮ್ಮ ಶಾಲೆಯ ಭಾಷೆಗೆ ಹಾರುತ್ತಿದ್ದರು. "ಅಜ್ಜಿ, ನಾನು ಇಬ್ರೂ ಹೋದ್ಮೇಲೆ ಈ ಭಾಷೆ ಬೀರುನಲ್ಲೇ ಇರುತ್ತೆ ಕಣಯ್ಯ" ಎಂದು ಪ್ರೊಫೆಸರು ಒಮ್ಮೆ ಕಿಟಕಿಯತ್ತ ತಿರುಗಿ ಹೇಳಿದ್ದುಂಟು. ಮೊನ್ನೆ ಅಂಗಳದಲ್ಲಿ ಇಬ್ಬರು ಹುಡುಗಿಯರು ಚೆಂಡಿಗಾಗಿ ಕಿತ್ತಾಡಿದರು, ಅದೂ ಅಜ್ಜಿಯ ಭಾಷೆಯಲ್ಲೇ. ಒಬ್ಬಳ ಬೈಗುಳ ಕೇಳಿ ಪ್ರೊಫೆಸರು ನಿಂತಲ್ಲೇ ನಿಂತರು. "ಅಜ್ಜೀ, ಇದನ್ನ ಯಾವಾಗ ಹೇಳ್ಕೊಟ್ರಿ?" "ನಾನೂ ಈಗ್ಲೇ ಕೇಳ್ತಿರೋದಪ್ಪ. ಅವಳೇ ಕಟ್ಟಿರೋದು!" ಎಂದು ಅಜ್ಜಿ ಬಾಯ್ತುಂಬ ನಕ್ಕರು. ಪ್ರೊಫೆಸರು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಓಡಿ, ಹುಡುಗಿಯ ಮುಂದೆ ಮಂಡಿಯೂರಿ, ಟಿಪ್ಪಣಿ ಪುಸ್ತಕ ತೆರೆದರು. "ಇನ್ನೊಂದ್ಸಲ ಹೇಳಮ್ಮಾ. ಬೇಕಾದ್ರೆ ನನಗೇ ಬೈಯಿ!" ಹುಡುಗಿ ಧಾರಾಳವಾಗಿ ಬೈದಳು.