ಗಾರ್ಡ್ ಇಲ್ಲದ ಗಾಡಿ

ನನ್ನ ತಂಗಿ ಚೀನಾಕ್ಕೆ ಹೋಗಿಬಂದಳು! (ಹೌದು, ಸರಿಯಾಗೇ ಓದಿದಿರಿ.)

ಶಾರದೆ ಇಲ್ಲೇ ಮದರಾಸಿನಲ್ಲಿ ಚರ್ಮ ರಫ್ತು ಮಾಡುವ ಕಂಪನಿಯೊಂದರಲ್ಲಿದ್ದಾಳೆ. ಕ್ಯಾಂಟನ್ ನಗರದ ವ್ಯಾಪಾರ ಮೇಳಕ್ಕೆ ಸ್ಯಾಂಪಲ್ ಹಿಡಿದು ಹೋಗಲು, ಆಫೀಸಿನ ಗಂಡಸರನ್ನೆಲ್ಲ ಬಿಟ್ಟು ಇವಳನ್ನು ಆರಿಸಿದರು. ನಾನಂತೂ ರಾಯಪುರಂನ ಬೀದಿಗಳಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದೆ.

ಅಪ್ಪ ಮಾತ್ರ ಒಪ್ಪಲಿಲ್ಲ. ಅಪ್ಪ ಒಪ್ಪದೆ ಶಾರದೆ ಹೊರಡುವವಳಲ್ಲ.

ಅವರ ತಕರಾರು ಚೀನಾದ ಬಗ್ಗೆ ಅಲ್ಲ, ವಾಹನದ ಬಗ್ಗೆ. ಅಪ್ಪ ರೈಲ್ವೆ ಗಾರ್ಡ್ ಆಗಿ ರಿಟೈರ್ ಆದವರು. (ನಮ್ಮ ಮನೆಯಲ್ಲಿ ಊಟ ತಡವಾದರೂ ‘ಲೇಟ್ ರನ್ನಿಂಗ್’ ಅಂತಲೇ ಹೇಳುವುದು.)

“ಹೇಗೆ ಹೋಗ್ತೀಯಮ್ಮ?”

“ಹಾಂಗ್‌ಕಾಂಗ್ ತನಕ ಪ್ಲೇನ್, ಅಪ್ಪ.”

“ಅದಕ್ಕೆ ಹಿಂದೆ ಗಾರ್ಡ್ ಇರ್ತಾನಾ?”

ನಾವೆಲ್ಲ ನಕ್ಕೆವು. ಅಪ್ಪ ನಗಲಿಲ್ಲ. “ಹಿಂದೆ ಬಾವುಟ ಹಿಡಿಯೋರೇ ಇಲ್ಲದ ಗಾಡಿಗೆ ನನ್ನ ಮಗಳನ್ನ ಹತ್ತಿಸ್ಲಾ?”

ಬಂದರು ನಮ್ಮ ಮನೆಗೆ ಕೂಗಳತೆ ದೂರ. ಸಿಂಗಪುರದವರೆಗೆ ಹಡಗು, ಅಲ್ಲಿಂದ ಇನ್ನೊಂದು ಹಡಗು ಹಿಡಿದರೆ ಹೇಗೆ ಎಂದೆ. “ನಾನು ಸೇರೋ ಹೊತ್ತಿಗೆ ಮೇಳಾನೇ ಮುಗಿದಿರತ್ತೆ ಕಣೋ” ಎಂದು ಶಾರದೆ ಕಣ್ಣಲ್ಲಿ ನೀರು ತಂದುಕೊಂಡಳು. ಇಂಥ ಅವಕಾಶ ಮತ್ತೆ ಬರುತ್ತದೆಯೇ?

ಕೊನೆಗೆ ಟ್ರಾವೆಲ್ ಏಜೆಂಟನೇ ಕಾಪಾಡಿದ. ಹಾಂಗ್‌ಕಾಂಗಿನಿಂದ ಕ್ಯಾಂಟನ್‌ಗೆ ದೋಣಿ ಇದೆ, ವಿಮಾನ ಇದೆ, ರೈಲೂ ಇದೆ ಎಂದನಂತೆ. ಶಾರದೆ ಓಡಿಬಂದು ಹೇಳಿದಳು.

“ರೈಲಾ? ಕ್ಯಾಂಟನ್ ಸ್ಟೇಷನ್ ತನಕ?”

“ನೇರವಾಗಿ, ಅಪ್ಪ.”

“ಮೊದ್ಲೇ ಹೇಳೋದಲ್ವಾ! ಹೋಗಿ ಬಾ.”

ಮೀನಂಬಾಕ್ಕಂ ಏರ್‌ಪೋರ್ಟಿನಲ್ಲಿ ವಿಮಾನ ಕಣ್ಮರೆಯಾಗುವವರೆಗೂ ಅಪ್ಪ ಕಂಬಿ ಹಿಡಿದು ನಿಂತಿದ್ದರು. ಕೈ ಬೀಸಲಿಲ್ಲ. ಅವರಿಗೆ ಭಯವಾಗಿತ್ತು, ನನಗೂ.

ಕಳೆದ ವಾರ ಶಾರದೆ ದೊಡ್ಡ ಆರ್ಡರ್ ಹಿಡಿದೇ ವಾಪಸಾದಳು. ನಾವು ಮೇಳದ ಬಗ್ಗೆ, ಅಲ್ಲಿನ ಜನರ ಬಗ್ಗೆ ಕೇಳಿದೆವು. ಅಪ್ಪ ಕೇಳಿದ್ದು ಒಂದೇ: “ಗಾಡಿ ರೈಟ್ ಟೈಮಾ?” ರೈಟ್ ಟೈಮ್ ಎಂದಾಗ ಅವರ ಮುಖ ನೋಡಬೇಕಿತ್ತು! ಚೀನಾದ ರೈಲನ್ನೂ ತಾವೇ ಓಡಿಸಿಕೊಂಡು ಬಂದವರ ಹೆಮ್ಮೆ.

ನಿನ್ನೆ ಪಕ್ಕದ ಮನೆಯ ಮಾಮಿ ಕಾಂಪೌಂಡಿನಾಚೆಯಿಂದ ಅಪ್ಪನನ್ನು ತಮಿಳಿನಲ್ಲಿ ಕೇಳಿದರು, ಮಗಳು ಚೀನಾಕ್ಕೆ ಹೇಗೆ ಹೋದಳು, ಪ್ಲೇನಿನಲ್ಲಾ ಅಂತ.

“ಟ್ರೈನ್‌ಲ!” ಎಂದರು ಅಪ್ಪ, ಬೀದಿಗೆಲ್ಲ ಕೇಳುವ ಹಾಗೆ.

“ಅಪ್ಪಡಿಯಾ!” ಎಂದು ಮಾಮಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

ನನಗೆ ತಡೆಯಲಾಗಲಿಲ್ಲ. “ಅಪ್ಪಾ, ಹಾಂಗ್‌ಕಾಂಗ್ ತನಕ ಪ್ಲೇನ್ ಇತ್ತಲ್ಲ?”

“ಸ್ಟೇಷನ್ನಿಗೆ ಹೋಗೋಕೆ ಆಟೋ ಹಿಡೀತೀವಲ್ಲ, ಅದನ್ನೂ ಹೇಳ್ಬೇಕೇನೋ?”